ಇಲ್ಲೇ ಅದೀನಿ

ಮೊಬೈಲು ಬಂದ ಮೇಲೆ ನಮ್ಮ ವಿಜಯಪುರದ ಕಡೆ ಎಲ್ಲಕ್ಕಿಂತ ಹೆಚ್ಚು ಸಲ ಹೇಳುವ ಸುಳ್ಳು ಯಾವುದೆಂದು ಕೇಳಿದರೆ ನಾನು ಯೋಚಿಸದೆ ಹೇಳುತ್ತೇನೆ: "ಇಲ್ಲೇ ಅದೀನಿ." ಬಬಲೇಶ್ವರದಲ್ಲಿ ಬಸ್ಸು ಇನ್ನೂ ಹೊರಟಿರುವುದಿಲ್ಲ. ಕಂಡಕ್ಟರ್ ಕೆಳಗೆ ನಿಂತು ಚಹಾ ಕುಡಿಯುತ್ತಿರುತ್ತಾನೆ. ಒಳಗೆ ಕಿಟಕಿಯ ಪಕ್ಕ ಕೂತ ಹಿರಿಯರು ಫೋನಿನಲ್ಲಿ, "ಇಲ್ಲೇ ಸ್ಟೇಷನ್ ರಸ್ತಾದಾಗ ಅದೀನಿ, ಬಂದೆ ಬಂದೆ" ಎನ್ನುತ್ತಿರುತ್ತಾರೆ. ಬಸ್ಸಿನಲ್ಲಿದ್ದ ಯಾರೂ ತಿರುಗಿ ನೋಡುವುದಿಲ್ಲ, ಏಕೆಂದರೆ ಅವರೂ ಸ್ಟೇಷನ್ ರಸ್ತೆಯಲ್ಲೇ ಇರುತ್ತಾರೆ. ನಾನೂ ಕಡಿಮೆಯವಳಲ್ಲ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ನಮ್ಮ ಮನೆಯಲ್ಲಿ ಕುಕ್ಕರಿನ ಸೀಟಿ ಕೂಗುವಾಗಲೇ, "ದಾರ್ಯಾಗ ಅದೀನಿ" ಎಂದು ಗೆಳತಿಯರಿಗೆ ಹೇಳಿದ್ದೇನೆ. ಸೀಟಿ ಅವರಿಗೂ ಕೇಳಿರುತ್ತದೆ.

ಆದ್ದರಿಂದ ತಂಗಿ ಶೈಲಾ ಒಂದು ಸಂಜೆ, "ನಾ ಎಲ್ಲಿ ಅದೀನಿ ಅಂತ ಸುಳ್ಳ ಹೇಳೂದಿಲ್ಲ" ಎಂದು ಹಟ ಹಿಡಿದಾಗ ನನಗೆ ನಗು ಬಂತು. ಅದೂ ಹೇಳಬೇಕಾಗಿದ್ದದ್ದು ಮನುಷ್ಯರಿಗಲ್ಲ, ಕಂಪ್ಯೂಟರಿಗೆ.

ಶೈಲಾ ಬಬಲೇಶ್ವರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಸಂಜೆ ಬಸ್ಸಿಳಿದು ಬಂದು, ಚಹಾ ಕುಡಿದು, ಕಂಪ್ಯೂಟರಿನಲ್ಲಿ ಗೇಮ್ ಆಡುತ್ತಾಳೆ. ಅವಳಿಗೆ ಮೊದಲಿನಿಂದ ಇದರ ಹುಚ್ಚು. ಒಂದು ಗೇಮಿನಲ್ಲಿ ಹೊಲ ಮಾಡಬೇಕು: ಬಿತ್ತಬೇಕು, ನೀರು ಹಾಯಿಸಬೇಕು, ಸುಗ್ಗಿ ಮಾಡಬೇಕು. ನಮ್ಮ ಅವ್ವ ಕಳ್ಳಕವಟಗಿಯಲ್ಲಿ ಅರ್ಧ ಆಯುಷ್ಯ ಒಕ್ಕಲುತನ ಮಾಡಿದವಳು. ಮೊಣಕಾಲು ಕೈಕೊಟ್ಟ ಮೇಲೆ ನಮ್ಮ ಮನೆಗೆ ಬಂದಳು. ಮೊದಮೊದಲು ಹಿಂದೆ ನಿಂತು ನೋಡುತ್ತಿದ್ದವಳು ಈಗ ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ಕೈ ಶೈಲಾಳದು, ಬಾಯಿ ಅವ್ವನದು.

"ಬದುವಿನ ಕಡೆ ನೀರ ನಿಂತೈತಿ ನೋಡ ಬೇ. ಸಾಲಿ ಮಾಸ್ತರ್ತಿ ಆದ್ರ ಏನ ಬಂತು, ಹೊಲಾ ಮಾಡಾಕ ಬರೂದಿಲ್ಲ ನಿನಗ."

ವರ್ಷಗಟ್ಟಲೆ ಹೀಗೆ ಬೈಸಿಕೊಂಡು ಶೈಲಾ ಅವ್ವನಿಗೊಂದು ಒಳ್ಳೆಯ ಹೊಲ ಮಾಡಿಕೊಟ್ಟಿದ್ದಾಳೆ. ಬಾವಿಯ ಹತ್ತಿರ ಬೇವಿನ ಮರವೂ ಇದೆ. ಅದು ಬೇವಲ್ಲ ಎಂದು ಶೈಲಾ ಹೇಳಿದರೂ ಅವ್ವ ಒಪ್ಪಿಲ್ಲ.

ಆ ಗೇಮಿನ ಮುಂದಿನ ಭಾಗ ಬಂದಿತು. ಅದರಲ್ಲಿ ದ್ರಾಕ್ಷಿ ಪಡವೂ, ಅಂದರೆ ದ್ರಾಕ್ಷಿ ತೋಟವೂ, ಇದೆಯೆಂದು ಅವ್ವನ ಕಿವಿಗೆ ಬಿತ್ತು. ಕಳ್ಳಕವಟಗಿಯಲ್ಲಿ ಸುತ್ತಲಿನವರೆಲ್ಲ ದ್ರಾಕ್ಷಿ ಹಚ್ಚಿದಾಗ ನಮ್ಮಪ್ಪ ಮಾತ್ರ ಜೋಳ ಬಿಟ್ಟಿರಲಿಲ್ಲ. ಆ ಸಿಟ್ಟು ಅವ್ವನಿಗೆ ಇನ್ನೂ ಇದೆ. ಹೊಸ ಗೇಮಿನ ಬೆಲೆ ಕೇಳಿ ನಾನು ಹೌಹಾರಿದೆ. ಆಗ ಶೈಲಾ ಹೇಳಿದಳು, ಇದು ನಮ್ಮ ದೇಶದ ರೇಟು, ಸಾಹುಕಾರ ದೇಶಗಳಲ್ಲಿ ಇನ್ನೂ ಜಾಸ್ತಿ, ಎಲ್ಲೆಲ್ಲಿ ಜನರ ಗಳಿಕೆ ಹೇಗೋ ಹಾಗೆ ಬೆಲೆ. ನನಗೆ ಗೋಲಗುಮ್ಮಟದ ಟಿಕೆಟ್ ಕಿಂಡಿ ನೆನಪಾಯಿತು. ಅಲ್ಲಿ ನಮಗೊಂದು ದರ, ಹೊರದೇಶದವರಿಗೊಂದು ದರ. ನೋಡುವ ಗುಮ್ಮಟ ಒಂದೇ, ಏಳು ಸಲ ಮರುದನಿಯೂ ಎಲ್ಲರಿಗೂ ಒಂದೇ.

ಮಸ್ಕತ್ತಿನಲ್ಲಿರುವ ನಮ್ಮ ಮಾಮನ ಮಗ ಸತೀಶ ಫೋನಿನಲ್ಲಿ ಉಪಾಯ ಹೇಳಿದ. ಯಾವುದೋ ದೇಶದ ನಾಣ್ಯ ಬಿದ್ದುಹೋಗಿದೆ, ಅಲ್ಲಿ ಇದೇ ಗೇಮು ನಮ್ಮ ಅರ್ಧ ಬೆಲೆಗೆ ಸಿಗುತ್ತದೆ. ನಾವು ಅಲ್ಲೇ ಇದ್ದೇವೆಂದು ತೋರಿಸುವ ಆ್ಯಪ್ ಹಾಕಿಕೊಂಡು, ಆ ದೇಶದ ಕಾರ್ಡಿನ ನಂಬರನ್ನು ಯಾರಿಂದಲೋ ಕೊಂಡರೆ ಮುಗಿಯಿತು.

"ಕಂಪನ್ಯಾವ್ರೇನ ಉಪಾಸ ಬೀಳ್ತಾರ ಶೈಲಕ್ಕ?" ಎಂದ.

"ಇಲ್ಲೇ ಅದೀನಿ ಅಂದ್ರಾತು. ಅದರಾಗೇನೈತಿ" ಎಂದು ನಾನೂ ದನಿಗೂಡಿಸಿದೆ.

ಶೈಲಾ ತರಗತಿಯಲ್ಲಿ ಹೇಳುವಷ್ಟೇ ಸಾವಧಾನವಾಗಿ ಹೇಳಿದಳು. ಅಂಥ ನಂಬರು ಕಳುವಿನದೂ ಇರಬಹುದು. ಗೇಮ್ ಮಾರುವ ಆನ್‌ಲೈನ್ ಅಂಗಡಿಯವರಿಗೆ ಗೊತ್ತಾದರೆ ಅವಳ ಅಕೌಂಟನ್ನೇ ಮುಚ್ಚಬಹುದು. ಮುಚ್ಚಿದರೆ ಹೊಸದಷ್ಟೇ ಅಲ್ಲ, ಅದರೊಳಗಿನ ಹಳೆಯ ಗೇಮುಗಳೂ ಹೋದವು. ಅಂದರೆ ಅವ್ವನ ಹೊಲ, ಬಾವಿ, ಬೇವು. ಅವ್ವ ಕೈಯಲ್ಲಿದ್ದ ಚಹಾ ಕೆಳಗಿಟ್ಟಳು.

"ಸಿಕ್ಕಬೀಳಲಿಲ್ಲ ಅಂದ್ರ?" ಎಂದೆ ನಾನು.

"ಸಿಕ್ಕಬೀಳಲಿಲ್ಲ ಅಂದ್ರ ಆ ದೇಶದ ಹುಡುಗ್ರಿಗಿ ತ್ರಾಸ. ಎಲ್ಲಾರೂ ಅಲ್ಲೇ ಅದೀವಿ ಅಂತ ಹೊಕ್ಕರ, ಅಲ್ಲೀ ರೇಟ ಏರಸ್ತಾರ. ನಾವು ಇಲ್ಲೇ ಕುಂತಿರ್ತೀವಿ, ಅವರಿಗಿ ಗೇಮ್ ಇಲ್ಲದಂಗ ಆಕ್ಕೈತಿ."

ಅವ್ವ ಕೆಳಗಿಟ್ಟ ಚಹಾ ಮತ್ತೆ ಎತ್ತಿಕೊಂಡಳು. ದ್ರಾಕ್ಷಿಯ ಆಸೆಯೂ ದೊಡ್ಡದೇ.

ಮುಂದಿನ ರವಿವಾರ ನಾವು ಮೂವರೂ ತಿಕೋಟಾಕ್ಕೆ ಹೋದೆವು. ಅಲ್ಲಿ ಹಳೆಯ ಪರಿಚಯದ ದಸ್ತಗೀರ ಮಾಮಾರ ಒಣದ್ರಾಕ್ಷಿ ಶೆಡ್ಡಿದೆ. ಅವ್ವನನ್ನು ಅಕ್ಕಾ ಎಂದು ಕರೆಯುವ ಅವರ ಹತ್ತಿರ ಒಂದು ಪದ್ಧತಿ. ತೂಕಕ್ಕೆ ಮುಂಚೆ ಯಾರೇ ಇರಲಿ ಕೇಳುತ್ತಾರೆ: "ತಿನ್ನಾಕೋ, ಮಾರಾಕೋ?" ತಿನ್ನುವವರಿಗೆ ಕಡಿಮೆ ರೇಟು, ಮಾರುವವರಿಗೆ ಪೇಟೆ ರೇಟು. ಹೇಳಿದ್ದನ್ನು ನಂಬುತ್ತಾರೆ. ಯಾರ ಮನೆಗೂ ಹೋಗಿ ಬಾಯಿ ತೆಗೆಸಿ ನೋಡುವುದಿಲ್ಲ. ನನ್ನ ಚೀಲದಲ್ಲಿ ಓಣಿಯ ಹೆಂಗಸರು ತರಲು ಹೇಳಿದ್ದೂ ಸೇರಿತ್ತು; ತಂದುಕೊಟ್ಟದ್ದಕ್ಕೆ ರೇಟಿನ ಮೇಲೆ ಸ್ವಲ್ಪ ಲಾಭ ಇಟ್ಟು ಕೊಡುವುದು ನನ್ನ ವಾಡಿಕೆ. ಮಾಮಾ ಕೇಳಿದರು. "ತಿನ್ನಾಕ್ರಿ ಮಾಮಾ" ಎಂದೆ. ಅವರು ಚೀಲದ ಗಾತ್ರ ನೋಡಿದರು.

"ಯವ್ವಾ, ಭಾಳ ತಿಂತೀಯಲ್ಲ."

"ಇಕಿ ತಿನ್ನೂದು ಒಂದ ಕಿಲೋ" ಎಂದಳು ಅವ್ವ. "ಉಳಿದಿದ್ದು ಮಾರೂ ರೇಟಿಗಿ ಹಾಕಪಾ."

"ಅಕ್ಕಾ, ನೀ ಬರಬಾರದಿತ್ತು. ನಿನ್ನ ಮಗಳು ನಮ್ಮ ಚಲೋ ಗಿರಾಕಿ" ಎಂದು ಮಾಮಾ ನಗುತ್ತಾ ತಕ್ಕಡಿಗೆ ತೂಕದ ಕಲ್ಲು ಏರಿಸಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯಾಚೆ ದ್ರಾಕ್ಷಿ ಪಡಗಳನ್ನು ನೋಡುತ್ತಾ ಕೂತಿದ್ದಳು. ಆಮೇಲೆ ಶೈಲಾಳ ಕಡೆ ತಿರುಗಿ ಹೇಳಿದಳು, "ನಿನ್ನ ಗೇಮಿನ್ಯಾವ್ರು ಎಲ್ಲಿ ಅದೀ ಅನ್ನೂದೂ ತಿನ್ನಾಕೋ ಮಾರಾಕೋ ಅಂತ ಕೇಳಿದಂಗಾತಲ್ಲ. ನಂಬಿ ಕೇಳ್ಯಾರ. ಬ್ಯಾಡ ಬಿಡ, ಅದು ಆ ದೇಶದ ಹುಡುಗ್ರ ಪಾಲಿಂದು. ತಡದು ತಗೊಳ್ಳೂಣು."

ಶೈಲಾಳ ಬಗ್ಗೆ ನನಗೆ ಆವತ್ತು ಬಂದ ಅಭಿಮಾನ ಇನ್ನೂ ಇಳಿದಿಲ್ಲ. ಎಂದೂ ಕಾಣದ, ಹೆಸರೂ ಗೊತ್ತಿಲ್ಲದ ದೇಶದ ಮಕ್ಕಳ ಆಟವನ್ನು ತನ್ನ ಸಾಲಿ ಮಕ್ಕಳ ಆಟದಂತೆಯೇ ಲೆಕ್ಕಕ್ಕೆ ಹಿಡಿದವಳು ಅವಳು. ಅದನ್ನು ಅವ್ವ ಒಂದು ಒಣದ್ರಾಕ್ಷಿ ಶೆಡ್ಡಿನಲ್ಲಿ ಅರ್ಥ ಮಾಡಿಕೊಂಡಳು. ನಾನು ಅರ್ಥ ಮಾಡಿಕೊಂಡದ್ದು ಪೇಟೆ ರೇಟು ಕೊಟ್ಟ ಮೇಲೆ.

ದೀಪಾವಳಿಗೆ ಆ ಅಂಗಡಿಯವರೇ ಬೆಲೆ ಇಳಿಸಿದರು. ಶೈಲಾ ಇಲ್ಲಿಂದಲೇ, ಇಲ್ಲಿಯ ರೇಟಿಗೇ ಕೊಂಡಳು. ಹಳೆಯ ಹೊಲವೂ ಹಾಗೇ ಉಳಿಯಿತು.

ಮೊನ್ನೆ ಸಂಜೆ ಅವ್ವ ಪರದೆಯ ಮುಂದೆ ಕೂತು ಹೊಸ ಬಳ್ಳಿಗಳಿಗೆ ಕಂಬ ಎಲ್ಲೆಲ್ಲಿ ನೆಡಬೇಕೆಂದು ಶೈಲಾಳನ್ನು ಬೈಯುತ್ತಿದ್ದಳು. ಸತೀಶ ಫೋನ್ ಮಾಡಿದ. ನಾನು ಫೋನನ್ನು ಅವ್ವನ ಕಿವಿಗೆ ಹಿಡಿದೆ.

"ಅತ್ತಿ, ಎಲ್ಲಿ ಅದೀ?" ಎಂದು ಕೇಳಿದ.

ಅವ್ವ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು, "ತ್ವಾಟದಾಗ ಅದೀನೋ ಯಪ್ಪಾ. ಆಮ್ಯಾಲ ಮಾಡು."

ನಾನು ಶೈಲಾಳ ಮುಖ ನೋಡಿದೆ. ಅವಳು ಕಂಬ ನೆಡುತ್ತಿದ್ದಳು.