ತೊಟ್ಟಿಲಿಗೆ ಬೇಕಾಗಿದ್ದ ಹೆಸರು

ನನ್ನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಾಗ ಅವ್ವ ಹಟ ಹಿಡಿದಳು. "ನಮ್ಮವ್ವನ ಹೆಸರು ಇಡ್ರಿ. ಸಾಯೋದ್ರೊಳಗ ಒಮ್ಮೆ ಆ ಹೆಸರು ಹಿಡಿದು ಕರೀಬೇಕು ನಾ."

ಆದರೆ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅವ್ವನನ್ನು ಹೆತ್ತ ಹನ್ನೊಂದನೇ ದಿನ ಅಜ್ಜಿ ತೀರಿಕೊಂಡಿದ್ದಳು. ವರ್ಷದೊಳಗೆ ಅಜ್ಜ ಮತ್ತೊಂದು ಮದುವೆಯಾದ. ಆ ಮಲತಾಯಿ ಹಾಕಿದ ಬರೆಯ ಗುರುತು ಅವ್ವನ ಬಲಗೈ ಮೇಲೆ ಈಗಲೂ ಇದೆ. ಅವಳ ಹೆಸರನ್ನು ಅವ್ವ ಬಾಯಲ್ಲಿ ಆಡುವುದಿಲ್ಲ. ಆ ಹೆಸರಿನ ಕೂಸು ಯಾರ ಮನೆಯಲ್ಲಿದ್ದರೂ ಎತ್ತಿಕೊಳ್ಳುವುದಿಲ್ಲ.

ಸಿದ್ದಾಪುರ, ಯಲ್ಲಾಪುರದ ಮುದುಕ ನೆಂಟರನ್ನೆಲ್ಲ ಕೇಳಿದೆ. ಎಲ್ಲರಿಗೂ ಅಜ್ಜಿ ಬಾಣಂತನದಲ್ಲಿ ಸತ್ತವಳು, ಅಷ್ಟೇ. ಒಬ್ಬ ಹೆಂಗಸನ್ನು ಮರೆಯುವುದು ನಮ್ಮವರಿಗೆ ಎಷ್ಟು ಸಲೀಸು ಎಂದು ಸಿಟ್ಟು ಬಂತು. ಕೊನೆಗೆ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು, ಹಳೆಯ ಮರಣ ರಿಜಿಸ್ಟರುಗಳ ಫೋಟೋ ತೆಗೆಯಲು ಒಪ್ಪಿಗೆ ಪಡೆದೆ.

ಕ್ಯಾಮೆರಾ ಮಗನದು, ಹಳೆಯ ಡಿಜಿಟಲ್. ಫ್ಲ್ಯಾಶ್ ಹಾಕಿದರೆ ಮಾಸಿದ ಶಾಯಿ ಕಾಣುತ್ತಿರಲಿಲ್ಲ. ರಿಜಿಸ್ಟರನ್ನು ಕಿಟಕಿಯ ಬೆಳಕಿಗೆ ಸರಿಸಿ, ಮೇಲೇಳುವ ಹಾಳೆಯ ಮೂಲೆಯ ಮೇಲೆ ಊಟದ ಡಬ್ಬಿ ಹೇರಿ, ಉಸಿರು ಬಿಗಿಹಿಡಿದು ಗುಂಡಿ ಒತ್ತುತ್ತಿದ್ದೆ. ಕಾಲರಾ, ಜ್ವರ, ಹಾವು. ಕೂಸುಗಳೇ ಹೆಚ್ಚು. ಎರಡು ದಿನ ಬರೀ ಬೇರೆಯವರ ಸಾವುಗಳನ್ನೇ ತೆಗೆದೆ.

ಮೂರನೇ ದಿನ ಅಜ್ಜನ ಹೆಸರು ಕಂಡಿತು. ಅವನ ಹೆಂಡತಿ, ವಯಸ್ಸು ಹತ್ತೊಂಬತ್ತು, ಬಾಣಂತಿ. ಅವಳ ಹೆಸರಿನ ಜಾಗದಲ್ಲಿ ಮಲತಾಯಿಯ ಹೆಸರಿತ್ತು. ಬರೆದವನೇ ತಪ್ಪಿದ್ದಾನೆ ಎಂದುಕೊಂಡೆ. ಮಲತಾಯಿ ಸತ್ತದ್ದು ಎಷ್ಟೋ ವರ್ಷಗಳ ಮೇಲೆ. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ.

ಕಪಾಟಿನ ಕೀಲಿ ಇಟ್ಟುಕೊಂಡು ಕೂತಿದ್ದ ಗುಮಾಸ್ತರು ಬಗ್ಗಿ ನೋಡಿದರು. "ತಪ್ಪಲ್ರಿ. ಆಗೆಲ್ಲ ಎರಡನೇದಾಕಿ ಬಂದ್ರ ಆಕಿಗೆ ಸತ್ತಾಕಿ ಹೆಸರನ್ನ ಇಡ್ತಿದ್ರು, ಸತ್ತಾಕಿ ಕಾಡಬಾರ್ದು ಅಂತ. ನಮ್ಮನ್ಯಾಗೂ ಹಂಗ ಆಗೇತಿ."

ಬಸ್ಸಿನಲ್ಲಿ ಒಂದೇ ಯೋಚನೆ. ನೀನು ಜೀವಮಾನವೆಲ್ಲ ಹೇಸಿದ ಹೆಸರು ನಿನ್ನ ಹೆತ್ತವಳದ್ದೇ ಎಂದು ಎಂಬತ್ತು ದಾಟಿದ ಅವ್ವನಿಗೆ ಹೇಗೆ ಹೇಳಲಿ?

ಅವ್ವ ಬಾಗಿಲಲ್ಲೇ ನಿಂತಿದ್ದಳು. "ಸಿಕ್ತೇನಪಾ?"

"ಹಾಳಿ ಸಿಕ್ತು. ಹೆಸರು ಇದ್ದಲ್ಲಿ ಹುಳ ತಿಂದಾವು," ಎಂದೆ. ಹೇಳಿದ ಕೂಡಲೇ ನಾಚಿಕೆಯಾಯಿತು.

ಅವ್ವನಿಗೆ ಓದು ಬಾರದು, ಕಣ್ಣೂ ಮಂಜು. ಕ್ಯಾಮೆರಾ ಇಸಿದುಕೊಂಡು, "ಎಲ್ಲಿ ತಿಂದಾವು, ತೋರ್ಸು," ಎಂದಳು. ಪರದೆಯ ಮೇಲೆ ಹೆಸರಿದ್ದ ಜಾಗವನ್ನೇ ತೋರಿಸಿದೆ. ಬರೆಯಿದ್ದ ಕೈಯ ಹೆಬ್ಬೆರಳಿನಿಂದ ಅವಳು ಅದನ್ನು ಸವರಿದಳು.

"ಇಷ್ಟು ಜಾಗದಾಗ ಇದ್ಲು," ಎಂದಳು.

ಕೂಸಿಗೆ ಸೊಸೆ ಆರಿಸಿದ ಹೆಸರು ಇಟ್ಟೆವು. ಅವ್ವ ಆ ಹೆಸರು ಹಿಡಿದು ಕರೆಯುವುದಿಲ್ಲ. ತೊಟ್ಟಿಲ ಹತ್ತಿರ ಯಾರೂ ಇಲ್ಲದಾಗ ಬಗ್ಗಿ, ಬರೀ 'ಅವ್ವಾ' ಎನ್ನುತ್ತಾಳೆ.