ಆದಮ್ಮನ ಬಾಕಿ ಆಮೆನ್‌ಗಳು

ವಳಕಮದಿನ್ನಿಯ ಆದಮ್ಮನ ಬಗ್ಗೆ ಬರೆಯುತ್ತೇನೆ ಎಂದಾಗ ನಮ್ಮ ಸಭೆಯ ಹಿರಿಯರೊಬ್ಬರು, "ಆಕಿ ಏನ್ ಮಾಡ್ಯಾಳಂತ ಬರೀತೀರಿ?" ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ. ಆಕೆ ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿದಳು, ಕಳೆ ತೆಗೆದಳು, ಭಾನುವಾರಕ್ಕೊಮ್ಮೆ ಬಂದು ನನ್ನ ಜೀವ ತಿಂದಳು. ಇಷ್ಟೇ. ಆದರೆ ನಾನು ಜವಳಗೇರಾದ ಪ್ರಾರ್ಥನೆ ಮನೆಯಲ್ಲಿ ಉಪದೇಶಿಯಾಗಿದ್ದ ಅಷ್ಟೂ ವರ್ಷ ನನ್ನ ಉಪದೇಶವನ್ನು ತೂಕಡಿಸದೆ ಕೇಳಿದವಳು ಆಕೆ ಒಬ್ಬಳೇ. ಅದಕ್ಕಾದರೂ ನಾಲ್ಕು ಮಾತು ಬರೆಯಬೇಕು.

ಆಕೆ ಹುಟ್ಟಾ ಕ್ರೈಸ್ತಳಲ್ಲ. ಗಂಡ ಬಾಲಪ್ಪ ಕೆಲವು ವರ್ಷ ಹಟ್ಟಿಯ ಚಿನ್ನದ ಗಣಿಯಲ್ಲಿ ಕೂಲಿಗಿದ್ದ. ಅಲ್ಲಿ ಗಣಿ ಕ್ವಾರ್ಟರ್ಸಿನ ಒಂದು ಕ್ರೈಸ್ತ ಕುಟುಂಬದ ಸಹವಾಸವಾಗಿ ಇಬ್ಬರೂ ದೀಕ್ಷಾಸ್ನಾನ ಮಾಡಿಸಿಕೊಂಡರು. ಪಾದ್ರಿಗಳು ಬಾಲಪ್ಪನನ್ನು ಪೌಲಪ್ಪ ಎಂದು ಬರೆದುಕೊಂಡರಂತೆ. ಈಕೆಯ ಹೆಸರು ಕೇಳಿ, "ಇದರಾಗ ಮೊದಲಾ ಆದಾಮ ಅದಾನ, ಹಿಂಗ ಇರ್ಲಿ" ಅಂದರಂತೆ. ಅದು ಆಕೆಯ ಅಜ್ಜಿಯ ಹೆಸರು. ಆ ಅಜ್ಜಿಗೆ ಆದಾಮನೂ ಗೊತ್ತಿರಲಿಲ್ಲ, ಹವ್ವಳೂ ಗೊತ್ತಿರಲಿಲ್ಲ. ಆದರೂ ತನ್ನದು ಹುಟ್ಟಿನಿಂದಲೇ ಕ್ರೈಸ್ತ ಹೆಸರು ಎಂದು ಆದಮ್ಮ ಒಂದಿಷ್ಟು ಬೀಗುತ್ತಿದ್ದಳು.

ಮಕ್ಕಳಾಗಲಿಲ್ಲ. ಹಟ್ಟಿ ಬಿಟ್ಟು ಊರಿಗೆ ಮರಳಿದ ಮೇಲೆ ಊರಲ್ಲಿ ಅವರಿಬ್ಬರೇ ಕ್ರೈಸ್ತರು. ಸಂಜೆ ದೀಪ ಹಚ್ಚಿದ ಮೇಲೆ ಬಾಲಪ್ಪ ಗಟ್ಟಿಯಾಗಿ ಪ್ರಾರ್ಥನೆ ಮಾಡುತ್ತಿದ್ದ, ಈಕೆ ಕೊನೆಗೆ "ಆಮೆನ್" ಅನ್ನುತ್ತಿದ್ದಳು. ಆಕೆ ಮಾಡುತ್ತಿದ್ದ ಪ್ರಾರ್ಥನೆ ಅಷ್ಟೇ. ಎಂಬತ್ತೈದನೆಯ ಇಸವಿಯಲ್ಲಿ ಬಾಲಪ್ಪ ಕಾಮಾಲೆಯಾಗಿ ತೀರಿಕೊಂಡ. ಪ್ರಾರ್ಥನೆ ಮಾಡುವ ಕೆಲಸ ಈಕೆಯ ಪಾಲಿಗೆ ಬಂತು. ಆಮೆನ್ ಅನ್ನುವವರು ಯಾರೂ ಇರಲಿಲ್ಲ.

ಮರುವರ್ಷ ನಾನು ಜವಳಗೇರಾಕ್ಕೆ ಬಂದೆ. ಆಗಿನ್ನೂ ಮೂವತ್ತು ತುಂಬಿರಲಿಲ್ಲ, ಮದುವೆಯೂ ಆಗಿರಲಿಲ್ಲ; ಪ್ರಾರ್ಥನೆ ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಇರುತ್ತಿದ್ದೆ. ಮೊದಲ ಭಾನುವಾರವೇ ಆರಾಧನೆ ಮುಗಿದು ಎಲ್ಲರೂ ಹೋದ ಮೇಲೆ ಆದಮ್ಮ ಹಿಂದೆ ಉಳಿದಳು.

"ಅಯ್ಯನೋರೆ, ನಂದು ಒಂದ್ ವಾರದ್ದು ಬಾಕಿ ಐತ್ರಿ. ಆಮೆನ್ ಅಂದ್ಬಿಡ್ರಿ."

ನನಗೆ ತಲೆಬುಡ ತಿಳಿಯಲಿಲ್ಲ. ಆಕೆ ನೆಲದ ಮೇಲೆ ಕೂತು ಸೆರಗು ಹೊದ್ದು ಶುರು ಮಾಡಿದಳು.

"ಸೋಮವಾರ ನಮ್ಮ ತಂಗಿ ಹೊನ್ನೂರಮ್ಮನ ಹೊಟ್ಟಿನೋವಿಗೆ ಕೇಳೀನಿ. ಅನ್ರಿ."

"ಆಮೆನ್," ಅಂದೆ.

"ಮಂಗಳವಾರ ಕಾಲುವಿಗೆ ನೀರ್ ಬಿಡಲಿ ಅಂತ ಕೇಳೀನಿ."

"ನೀರು ನಿನ್ನೇನೇ ಬಂತಲ್ಲವ್ವಾ."

"ಬಂದ್ರೂ ಅನ್ರಿ. ಬಾಕಿ ಇಡಬಾರ್ದು."

ಹೀಗೆ ಶನಿವಾರದವರೆಗೆ ನಡೆಯಿತು. ನನಗೆ ಹೊಟ್ಟೆ ಹಸಿದಿತ್ತು. ಪ್ರಾರ್ಥನೆ ಮಾಡಿದವರೇ ಆಮೆನ್ ಅಂದುಕೊಳ್ಳಬಹುದು, ದೇವರು ಅದಕ್ಕೇನೂ ಕೋಪ ಮಾಡಿಕೊಳ್ಳುವುದಿಲ್ಲ ಎಂದು ತಿಳಿಸಿ ಹೇಳಿದೆ. ಆಕೆ ನನ್ನನ್ನು ಕನಿಕರದಿಂದ ನೋಡಿದಳು.

"ಅರ್ಜಿ ಬರದಾಕಿನಾ ಸಿಕ್ಕಾ ಒತ್ತಿಕೊಂಡ್ರ ಕಚೇರ್ಯಾಗ ನಡೀತದೇನ್ರಿ?"

ಅರ್ಜಿ, ಮೊಹರು, ಕಚೇರಿ ಎಂದು ಆಕೆ ಶುರು ಮಾಡಿದರೆ ಯಾವ ದೇವಶಾಸ್ತ್ರವೂ ನಿಲ್ಲುತ್ತಿರಲಿಲ್ಲ. ಬೇರೆ ಬೇರೆ ರೀತಿಯಲ್ಲಿ ಹೇಳಿ ನೋಡಿದೆ, ಕಡೆಗೆ ರೇಗಿದೆ. ಒಂದು ದಿನ ಆಕೆ ತಾನಾಗಿಯೇ ಹೇಳಿದಳು: "ದೀಪ ಹಚ್ಚಿ ಕೇಳ್ಕೋತೀನ್ರಿ. ಕೇಳಿ ಮುಗಿಸಿ ಸುಮ್ಮ ಕುಂದ್ರತೀನಿ. ಯಾರೂ ಏನೂ ಅನ್ನಂಗಿಲ್ಲ. ಗಾಳಿಗೆ ಮಾತಾಡಿದಂಗ ಆಗತೈತಿ." ಆಮೇಲೆ ನಾನು ವಾದಿಸಲಿಲ್ಲ. ಗಾಳಿಗೆ ಮಾತಾಡುವುದು ಹೇಗಿರುತ್ತದೆ ಎಂದು ನನ್ನ ಹಿಂದಿನ ಕೋಣೆಗೂ ಗೊತ್ತಿತ್ತು. ಊಟ ತಡವಾದರೆ ಆಗಲಿ ಎಂದು ಪ್ರತಿ ಭಾನುವಾರ ಒಂದು ವಾರದ ಆಮೆನ್ ಹೇಳತೊಡಗಿದೆ.

ಒಂದಕ್ಕೆ ಮಾತ್ರ ಹೇಳಲಿಲ್ಲ. ಆ ಕಥೆ ಆಕೆಯ ಮನೆ ಗೋಡೆಯದು.

ಆದಮ್ಮನದೂ ಪಕ್ಕದ ಪೀರ್‌ಬೀಯದೂ ಮಣ್ಣಿನ ಮಾಳಿಗೆ ಮನೆಗಳು; ನಡುವೆ ಇದ್ದದ್ದು ಒಂದೇ ಗೋಡೆ. ಪೀರ್‌ಬೀಯ ಮಾಳಿಗೆಯ ನೀರು ಮಳೆಗಾಲದಲ್ಲಿ ಆ ಗೋಡೆಯ ಮೇಲೇ ಇಳಿದು ಮಣ್ಣು ಕರಗುತ್ತಿತ್ತು. ಬಾಲಪ್ಪ ಸತ್ತ ವರ್ಷವೇ ಆದಮ್ಮ ಹೋಗಿ, ಮಾಳಿಗೆಯ ನೀರು ಹೊರಗೆ ಬೀಳುವ ದೋಣಿಯನ್ನು ಆಚೆ ತಿರುಗಿಸಿರೆಂದು ಕೇಳಿದಳು. ಮಾತಿಗೆ ಮಾತು ಬೆಳೆಯಿತು. ಪೀರ್‌ಬೀ ಸಿಟ್ಟಿನಲ್ಲಿ, "ನಿನ್ನ ಕೂಡ ಏನ್ ಮಾತು? ನಿನ್ನ ಗಂಡನ್ನ ಕಳಸು, ನಮ್ಮವರು ಮಾತಾಡ್ತಾರ" ಅಂದಳು. ಮೊದಲೆಲ್ಲ ಇಂಥದ್ದನ್ನು ಬಾಲಪ್ಪ ಮತ್ತು ಪೀರ್‌ಬೀಯ ಗಂಡ ಹುಸೇನ್‌ಸಾಬ್ ಕಟ್ಟೆಯ ಮೇಲೆ ಬೀಡಿ ಸೇದುತ್ತಾ ಬಗೆಹರಿಸಿಕೊಳ್ಳುತ್ತಿದ್ದರು. ಬಾಯಿಗೆ ರೂಢಿಯಾದ ಮಾತು ಹಾಗೇ ಬಂದಿರಬೇಕು. ಆದರೆ ಕೇಳಿಸಿಕೊಂಡವಳು ಗಂಡನನ್ನು ಮಣ್ಣು ಮಾಡಿ ಆರು ತಿಂಗಳೂ ಆಗಿರಲಿಲ್ಲ. ಅಂದಿನಿಂದ ಇಬ್ಬರ ಮಾತು ನಿಂತಿತು.

ನಾನು ದೀನತೆಯ ಬಗ್ಗೆ ಪ್ರಸಂಗ ಮಾಡಿದ ಒಂದು ಭಾನುವಾರ, ಬೈಬಲಿನಲ್ಲಿ ಗುರುವು ತನ್ನ ಶಿಷ್ಯರ ಕಾಲು ತೊಳೆದದ್ದನ್ನು ವಿವರಿಸಿ ನನಗೇ ಕಣ್ಣು ತುಂಬಿ ಬಂದಿದ್ದ ದಿನ, ಆದಮ್ಮ ಹಿಂದೆ ಉಳಿದು ಹೇಳಿದಳು: "ಶುಕ್ರವಾರ, ಆ ಪೀರ್‌ಬೀ ಸೊಕ್ಕು ಇಳಸಪ್ಪಾ ಅಂತ ಕೇಳೀನಿ. ಅನ್ರಿ."

"ಇದಕ್ಕ ನಾ ಅನ್ನಲ್ಲ."

"ಯಾಕ್ರಿ?"

"ಈಗೇನ್ ಕೇಳಿದಿ ನೀನು ಒಳಗ ಕುಂತು?"

"ಸೊಕ್ಕು ಇರಬಾರ್ದಂತ ನೀವಾ ಹೇಳಿದ್ರಿ. ಆಕಿಗೆ ಐತಿ, ಇಳಸು ಅಂದೀನಿ. ಅದರಾಗೇನ್ ತಪ್ಪೈತಿ?"

ನಾನು ಜಗ್ಗಲಿಲ್ಲ. "ನಿಮ್ಮ ಆಮೆನ್ ನಿಮ್ಮ ಹತ್ರಾನಾ ಇಟ್ಕೋರಿ" ಎಂದು ಎದ್ದು ಹೋದಳು. ಮುಂದಿನ ಭಾನುವಾರವೂ ಅದನ್ನೇ ಕೇಳಿದಳು, ನಾನೂ ಅದನ್ನೇ ಹೇಳಿದೆ. ವರ್ಷಗಟ್ಟಲೆ ಇದು ನಡೆಯಿತು. ಉಳಿದ ಎಲ್ಲ ಅರ್ಜಿಗಳಿಗೂ ಸಿಕ್ಕಾ ಬೀಳುತ್ತಿತ್ತು, ಅದೊಂದು ಮಾತ್ರ ಬಾಕಿ ಇರುತ್ತಿತ್ತು. ಆಕೆ ಅದನ್ನು ದಿನವೂ ಸಂಜೆ ಗಟ್ಟಿಯಾಗಿ ಕೇಳುತ್ತಲೇ ಇದ್ದಳು.

ತೊಂಬತ್ತೊಂದರ ಮುಂಗಾರಿನಲ್ಲಿ ಹುಸೇನ್‌ಸಾಬ್ ಓಡಿಸುತ್ತಿದ್ದ ಟ್ರ್ಯಾಕ್ಟರ್ ಕಾಲುವೆ ಏರಿಯ ಮೇಲಿಂದ ಮಗುಚಿತು. ಗಂಡಸರು ಅವನನ್ನು ಜೀಪಿಗೆ ಹಾಕಿಕೊಂಡು ಸಿಂಧನೂರಿಗೆ ಹೋದರು, ಅಲ್ಲಿಂದ ರಾಯಚೂರಿಗೆ. ಜೀಪಿನಲ್ಲಿ ಜಾಗವಿರಲಿಲ್ಲ, ಪೀರ್‌ಬೀಗೆ ಮುಂಜಾನೆಯ ಬಸ್ಸಿಗೆ ಬಾ ಅಂದರು. ಅವಳ ಮಗಳು ಇದ್ದದ್ದು ಮಸ್ಕಿಯಲ್ಲಿ. ಸಂಜೆ ಆದಮ್ಮ ದೀಪ ಹಚ್ಚುತ್ತಿದ್ದಾಗ ಪೀರ್‌ಬೀ ಬಾಗಿಲಲ್ಲಿ ಬಂದು ನಿಂತಳು. ಮುಂದಿನದನ್ನು ಆದಮ್ಮ ನನಗೆ ಹೇಳಿದಂತೆಯೇ ಬರೆಯುತ್ತೇನೆ.

ಪೀರ್‌ಬೀ ಒಳಗೆ ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತು ಹೇಳಿದಳು: "ಆದಮ್ಮ, ನೀ ದಿನಾ ಕೇಳ್ತೀಯಲ್ಲ. ಇವತ್ತು ನಮ್ಮನಿಯವರ ಸಲುವಾಗಿ ಒಂದು ಮಾತು ಕೇಳು."

ಆದಮ್ಮ ಚಾಪೆ ಸರಿಸಿದಳು. ಪೀರ್‌ಬೀ ಬಂದು ಕೂತಳು. ಆದಮ್ಮ ಹುಸೇನ್‌ಸಾಬನ ಜೀವ ಉಳಿಸು ಎಂದು ಕೇಳಿದಳು, ಬಾಲಪ್ಪನಿಗೆ ಬೀಡಿ ಕೊಟ್ಟ ಮನುಷ್ಯ ಎಂದೂ ಸೇರಿಸಿದಳು. ಕೇಳಿ ಮುಗಿಸಿ ಎಂದಿನಂತೆ ಸುಮ್ಮನೆ ಕೂತಳು.

"ಆಮೀನ್," ಅಂದಳು ಪೀರ್‌ಬೀ.

ಆದಮ್ಮ ತಿರುಗಿ ನೋಡಿದಳು. "ಏನಂದಿ?"

"ಆಮೀನ್ ಅಂದೆ. ದಿನಾ ಅಂತೀನಲ್ಲ."

"ದಿನಾ?"

"ನೀ ಕೇಳಿ ಸುಮ್ಮ ಆಗಿಬಿಡತಿದ್ದಿ. ದುವಾ ಹಂಗ ಬಿಡಬಾರ್ದು. ಗ್ವಾಡಿ ಕರಗಿ ಎಲ್ಲಾ ಕೇಳಸ್ತದ. ನಾ ಆಚೆ ಕುಂತು ಮೆಲ್ಲಕ ಅಂತಿದ್ದೆ."

ಆದಮ್ಮ ಗೋಡೆಯತ್ತ ನೋಡಿದಳು. "ಎಲ್ಲಾ ಕೇಳಸ್ತದ?"

"ಎಲ್ಲಾ."

"ನಿನ್ನ ಸೊಕ್ಕಿಂದೂ?"

"ಅದೂ. ಅದಕ್ಕೂ ಅಂದೀನಿ."

"ಯಾಕ ಬೇ?"

"ಸುಳ್ಳೇನಿತ್ತು ಅದರಾಗ? ಗಂಡನ್ನ ಕಳಸು ಅಂದ ಬಾಯಿ ಇದು. ಅವತ್ತಾ ಬಂದು ತಪ್ಪಾತು ಅನ್ನಬೇಕಿತ್ತು, ಬರಾಕ ಆಗ್ಲಿಲ್ಲ. ನೀ ಕೇಳಿದಾಗೆಲ್ಲಾ, ಆತು, ಇಳಸು, ಅಂತ ನಾನೂ ಅಂತಿದ್ದೆ."

ಸುದ್ದಿ ತಿಳಿದು ಮರುದಿನ ನಾನು ಹೋದಾಗ ಇದನ್ನು ಹೇಳಿದ ಆದಮ್ಮ ನನ್ನ ಮುಖ ನೋಡಲಿಲ್ಲ, ಚಾಪೆಯ ಕಡ್ಡಿ ಕೀಳುತ್ತಿದ್ದಳು. "ಕಾಲ್ ತೊಳದಿದ್ದು ಹೇಳಿದ್ರಲ್ರೀ ಅಯ್ಯನೋರೆ," ಅಂದಳು. "ನಾ ಒಳಗ ಕುಂತು ಆಕಿ ಮ್ಯಾಲೆ ಚಾಡಿ ಹೇಳತಿದ್ನಿ. ಆಕಿ ಹೊರಗ ಕುಂತು ನನ್ನ ಚಾಡಿಗೆ ಆಮೆನ್ ಅಂತಿದ್ಳು." ನಾಚಿಕೆಯಿಂದ ಅತ್ತಳು.

ಹುಸೇನ್‌ಸಾಬ್ ಉಳಿಯಲಿಲ್ಲ. ಮೂರನೆಯ ದಿನ ರಾಯಚೂರಿನಿಂದ ಹೆಣ ಬಂತು. ಆದಮ್ಮನ ಲೆಕ್ಕದಲ್ಲಿ ಅದು ಎಲ್ಲಾ ಸರಿಯಾಗಿದ್ದ ಅರ್ಜಿ. ಕೇಳುವವಳು ಒಬ್ಬಳು, ಆಮೆನ್ ಅನ್ನುವವಳು ಇನ್ನೊಬ್ಬಳು, ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಕಳಿಸಿದ್ದು. ಇನ್ನು ಇವಳು ಪ್ರಾರ್ಥನೆ ಮನೆಯ ಕಡೆ ಬರುವುದಿಲ್ಲ ಎಂದೇ ನನಗೆ ಅನಿಸಿತ್ತು. ಭಾನುವಾರ ಬಂದಳು. ಹಿಂದೆ ಉಳಿದಳು. ಬಾಕಿ ಏನನ್ನೂ ತೆಗೆಯಲಿಲ್ಲ.

"ಕೊಡಲಿಲ್ರೀ ಅವನು," ಅಂದಳು.

"ಹೌದವ್ವಾ."

"ಕೊಡಂಗಿದ್ರ ಕೊಡ್ಲಿ, ಬಿಡಂಗಿದ್ರ ಬಿಡ್ಲಿ. ಅವತ್ತು ಬಾಜೂಕ ಒಬ್ಬಾಕಿ ಕುಂತು ಅಂದಳಲ್ಲ, ನನಗ ಅದಾ ಸಾಕಾಗೈತಿ."

ಗಂಡ ಸತ್ತ ಮೇಲೆ ಅವರ ಪದ್ಧತಿಯಂತೆ ಪೀರ್‌ಬೀ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹೊಸ್ತಿಲು ದಾಟುವಂತಿರಲಿಲ್ಲ. ನೀರು, ಸೌದೆ, ಗಿರಣಿಯ ಹಿಟ್ಟು ಎಲ್ಲ ಆದಮ್ಮನೇ ತಂದು ಹಾಕಿದಳು. ಆ ಅವಧಿ ಮುಗಿದ ಮೇಲೆ ಪೀರ್‌ಬೀ ಮಾಳಿಗೆಯ ದೋಣಿ ತಿರುಗಿಸಿ ಗೋಡೆಗೆ ಮಣ್ಣು ಮೆತ್ತಿಸುತ್ತೇನೆ ಅಂದಳು. ಆದಮ್ಮ ಬೇಡ ಅಂದಳಂತೆ. "ಗ್ವಾಡಿ ದಪ್ಪಾದ್ರ ಕೇಳಸಂಗಿಲ್ಲ ಬಿಡು."

ಆ ಗೋಡೆಯ ಎರಡೂ ಕಡೆ ಜನ ಇದ್ದದ್ದು ಮತ್ತೆ ಮೂರು ವರ್ಷ ಅಷ್ಟೇ. ಆಮೇಲೆ ಪೀರ್‌ಬೀಯನ್ನು ಮಗಳು ಮಸ್ಕಿಗೆ ಕರೆದುಕೊಂಡು ಹೋದಳು. ಆ ಮನೆಗೆ ಬೀಗ ಬಿತ್ತು. ಆದಮ್ಮನ ಮೊಣಕಾಲೂ ಸೋತು ಜವಳಗೇರಾಕ್ಕೆ ಬರುವುದು ನಿಂತಿತು. ತೊಂಬತ್ತಾರರಲ್ಲಿ ನನ್ನನ್ನು ಲಿಂಗಸುಗೂರಿಗೆ ಕಳಿಸಿದರು.

ಎರಡು ವರ್ಷದ ನಂತರ ಸಿಂಧನೂರಿಗೆ ಕೆಲಸದ ಮೇಲೆ ಬಂದವನು ವಳಕಮದಿನ್ನಿಗೂ ಹೋದೆ. ಆದಮ್ಮ ಬಹಳ ಇಳಿದುಹೋಗಿದ್ದಳು. ಕಾಲಿಗೆ ನೀರು ಕೊಟ್ಟಳು, ಚಹಾ ಮಾಡಿದಳು, ನಾನು ಇನ್ನೂ ಮದುವೆಯಾಗದ್ದಕ್ಕೆ ಬೈದಳು. ಸಂಜೆಯಾಗುತ್ತಲೇ ದೀಪ ಹಚ್ಚಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಹೊನ್ನೂರಮ್ಮನಿಗೆ, ಪೀರ್‌ಬೀಗೆ, ಕಾಲುವೆಗೆ, ಕೊನೆಗೆ ನನಗಾಗಿಯೂ ಕೇಳಿದಳು. ಕೇಳಿ ಮುಗಿಸಿ ಸುಮ್ಮನಾದಳು. ಆಚೆಯ ಖಾಲಿ ಮನೆಯಿಂದ ಏನೂ ಬರಲಿಲ್ಲ. ಇಷ್ಟು ವರ್ಷದ ರೂಢಿಯಲ್ಲಿ ಆಮೆನ್ ಅನ್ನಲು ಬಾಯಿ ತೆರೆದೆ. ಆಕೆ ಕೈ ಎತ್ತಿ ತಡೆದಳು.

"ಸ್ವಲ್ಪ ತಡೀರಿ ಅಯ್ಯನೋರೆ. ಮಸ್ಕಿ ದೂರ ಐತಿ."

ಕಾದೆವು. ಆಮೇಲೆ ಆಕೆ ನನ್ನತ್ತ ನೋಡಿ ತಲೆಯಾಡಿಸಿದಳು, ನಾನು ಆಮೆನ್ ಅಂದೆ.

ಲಿಂಗಸುಗೂರು ಮಸ್ಕಿಗಿಂತಲೂ ದೂರ. ಇಲ್ಲಿಯೂ ನನ್ನದು ಒಂದೇ ಕೋಣೆ. ದೀಪ ಹಚ್ಚುವ ಹೊತ್ತಿಗೆ ಪುಸ್ತಕ ಮುಚ್ಚಿ ಒಂದು ಆಮೆನ್ ಅನ್ನುತ್ತೇನೆ. ಅಂದಂದು ವಳಕಮದಿನ್ನಿಯಲ್ಲಿ ಆಕೆ ಏನು ಕೇಳಿದಳೋ ನನಗೆ ಗೊತ್ತಿರುವುದಿಲ್ಲ.