ಸದಾಶಿವಗಡದಲ್ಲಿ ಎತ್ತಿಟ್ಟ ಚಾಪೆಗಳು

ಹುಬ್ಬಳ್ಳಿಯಿಂದ ಮಧ್ಯಾಹ್ನ ಹೊರಟ ಬಸ್ಸು ಅರಬೈಲ್ ಘಟ್ಟ ಇಳಿದು ಸುಂಕಸಾಳದಲ್ಲಿ ಚಹಾಕ್ಕೆ ನಿಂತಾಗ ನಾಲ್ಕೂವರೆ. ಹೆಂಗಸಾದ್ದರಿಂದ ಟಿಕೆಟ್ಟಿಗೆ ಸೊನ್ನೆ ರೂಪಾಯಿ. ಚಹಾ, ಬನ್ಸ್‌ಗೆ ಮೂವತ್ತೈದು. ಏಪ್ರಿಲ್ ತಿಂಗಳ ಸೆಕೆ. ಬನ್ಸ್ ತಿನ್ನುತ್ತಲೇ ಮರುದಿನ ಬೇಕಾಗುವ ಪಟ್ಟಿಯನ್ನು ಓದಿಕೊಂಡೆ. ಒಂದು ಬಾಲವಾಡಿ ಚೆನ್ನಾಗಿದೆಯೇ ಇಲ್ಲವೇ ಎಂದು ಅಳೆಯುವ ಹನ್ನೆರಡು ತತ್ವಗಳು ಅದರಲ್ಲಿದ್ದವು: ಆಟಿಕೆ ಮಗುವಿನ ಕೈಗೆಟುಕುವ ಎತ್ತರದಲ್ಲಿರಬೇಕು, ಬರೆಸುವ ಮೊದಲು ಆಡಿಸಬೇಕು, ಮೊದಲ ತಾಸು ಎಲ್ಲರೂ ವೃತ್ತದಲ್ಲಿ ಕೂತು ಹಾಡಬೇಕು, ಹೀಗೆ. ನಮ್ಮ ಸಂಸ್ಥೆಗೆ ಅದನ್ನು ಬರೆದುಕೊಟ್ಟವಳು ನಾನೇ. ಹೆತ್ತವರಿಗೆ ಹೆಗ್ಗಣ ಮುದ್ದು.

ರಾತ್ರಿ ಅಂಕೋಲೆಯಲ್ಲಿ ತಂಗಿದ್ದು, ಬೆಳಿಗ್ಗೆ ಏಳಕ್ಕೆ ಬಸ್ಸು ಹಿಡಿದೆ. ಕಾರವಾರಕ್ಕೆ ಮೂವತ್ತೈದು ಕಿಲೋಮೀಟರು. ಅಲ್ಲಿಂದ ಟೆಂಪೋದಲ್ಲಿ ಕಾಳಿ ಸೇತುವೆ ದಾಟಿದರೆ ಸದಾಶಿವಗಡ. ಅಲ್ಲಿ ನಾವು ನಡೆಸುವ ಬಾಲವಾಡಿಗೆ ಹೋದ ವರ್ಷ ಅಂಕ ಕಡಿಮೆ ಬಿದ್ದಿತ್ತು. ಈ ಸಲವೂ ಅರ್ಧಕ್ಕಿಂತ ಕಡಿಮೆಯಾದರೆ ಜೂನ್‌ನಿಂದ ಅದನ್ನು ಮುಚ್ಚಿ, ಮಕ್ಕಳನ್ನು ನದಿಯಾಚೆ ಶಿರವಾಡಕ್ಕೆ ಸೇರಿಸುವುದೆಂದು ಮಾತಾಗಿತ್ತು. ಟೆಂಪೋದಲ್ಲಿ ಪಕ್ಕ ಕೂತ ಹೆಂಗಸಿಗೆ ಇದನ್ನು ಹೇಳಿದೆ.

"ಈ ಹೊಳೆ ಮೇಲಿನ ಹಳೇ ಪೂಲು ಬಿದ್ದದ್ದು ಕಂಡ್ ಮೇಲೆ ಮೂರು ವರ್ಷದ ಮಗೂನ ಯಾರ್ ಆಚೆ ಕಳಿಸ್ತರು? ಮನೇಲೇ ಇಟ್ಕಂತರು," ಎಂದು ಆಕೆ ಮುಖ ತಿರುಗಿಸಿದಳು.

ಶಿಕ್ಷಕಿ ಸುಜಾತಾ ಬಾಗಿಲಲ್ಲೇ ಕಾಯುತ್ತಿದ್ದರು. ಒಳಗೆ ಹದಿನಾರು ಮಕ್ಕಳು ವೃತ್ತದಲ್ಲಿ ಕೂತಿದ್ದರು. ಆಟಿಕೆಗಳ ಕಪಾಟು ನನ್ನ ಮೊಣಕಾಲೆತ್ತರ. ನನ್ನ ಪಟ್ಟಿಯೇ ಎದ್ದು ಕೋಣೆಯಾದಂತಿತ್ತು. ಆದರೂ ಏನೋ ಸರಿಯಿರಲಿಲ್ಲ. ಸುಜಾತಾ ಒಬ್ಬರೇ ಹಾಡುತ್ತಿದ್ದರು, ಮಕ್ಕಳ ತುಟಿ ಮಾತ್ರ ಅಲ್ಲಾಡುತ್ತಿತ್ತು. ಯಾವುದಾದರೂ ತಲೆ ವಾಲಿದರೆ ಅವರು ಕಣ್ಣಲ್ಲೇ ಗದರುತ್ತಿದ್ದರು. ಒಬ್ಬರೂ ನಗಲಿಲ್ಲ.

ಕಪಾಟಿನ ಪಕ್ಕ ಕೂತಿದ್ದ ಸಾನ್ವಿ ಎಂಬ ನಾಲ್ಕು ವರ್ಷದವಳು ತೂಕಡಿಸಿ ಪಕ್ಕಕ್ಕೆ ವಾಲಿಬಿದ್ದಳು. ಹಣೆ ಕಪಾಟಿನ ಮೂಲೆಗೆ ಬಡಿಯಿತು. ಅವಳು ಕಿರುಚಿದ್ದೇ ಉಳಿದವರೂ ಅಳಲು ಶುರುಮಾಡಿದರು. ಅಡುಗೆಯ ಮಂಗಲಾಬಾಯಿ ಓಡಿಬಂದು ಅವಳನ್ನು ಎತ್ತಿಕೊಂಡರು. ರಕ್ತ ಬಂದಿರಲಿಲ್ಲ, ಆದರೆ ಹುಬ್ಬಿನ ಮೇಲೆ ನಿಂಬೆಕಾಯಿಯಷ್ಟು ಬಾವು.

"ಎಂತಕ್ಕೆ ಬೇಕಿತ್ತು ಅಕ್ಕೋರೆ ಈ ನಾಟಕ?" ಎಂದು ಸುಜಾತಾಗೆ ಅಂದವರು ನನ್ನ ಕಡೆ ತಿರುಗಿದರು. "ಇವ್ರ ಆಯಿಗಳು ಮೀನು ತರುಕೆ ನಾಲ್ಕು ಗಂಟೆಗೇ ಬೈತಖೋಲ ಬಂದರಕ್ಕೆ ಹೋಗುದು. ಮಕ್ಕಳೂ ಆಗಲೇ ಎದ್ಕಂಡು ಕೂತ್ಕಂತವೆ. ಇಲ್ಲಿ ಬಂದು ಒಂದು ತಾಸು ನಿದ್ದೆ, ಆಮೇಲೇ ಆಟ, ಹಾಡು. ಇವತ್ತು ನೀವು ಬರ್ತ್ರಿ ಅಂತ ಚಾಪೆ ಎಲ್ಲಾ ಎತ್ತಿಟ್ಟದ್ದು."

"ಹೋದ ವರ್ಷ ಮಕ್ಕಳು ಮಲಗಿದ ಫೋಟೋ ಕಳಿಸಿದ್ದೆ," ಸುಜಾತಾ ನೆಲ ನೋಡುತ್ತ ಹೇಳಿದರು. "'ಮಲಗಿಸಲು ಬಾಲವಾಡಿ ಬೇಕೆ?' ಅಂತ ಷರಾ ಬಂತು. ಮೊದಲ ತಾಸಿಗೆ ಸೊನ್ನೆ."

ಆ ಷರಾ ನನ್ನದು. ಊರು ನೋಡದೆ, ಹುಬ್ಬಳ್ಳಿಯ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತು ಬರೆದದ್ದು. ಚುರುಕಾಗಿ ಬರೆದೆನೆಂದು ಹೆಮ್ಮೆಯೂ ಪಟ್ಟಿದ್ದೆ. ನಾಚಿಕೆಯಾಯಿತು. ಒಪ್ಪಿಕೊಳ್ಳಲು ಧೈರ್ಯ ಬರಲಿಲ್ಲ. "ಚಾಪೆ ಹಾಸಿ," ಎಂದಷ್ಟೇ ಅಂದೆ.

ಐದು ನಿಮಿಷದಲ್ಲಿ ಹದಿನಾರು ಮಕ್ಕಳಿಗೂ ನಿದ್ದೆ. ತಾಸಿನ ನಂತರ ಎದ್ದವರು ಬೇರೆಯೇ ಮಕ್ಕಳು. ಒಬ್ಬ ಮರದ ತುಂಡುಗಳಿಂದ ದೋಣಿ ಮಾಡಿ ಬಲೆ ಬೀಸಿದ. ಸಾನ್ವಿ ಮಣ್ಣಿನ ಮೀನು ಮಾಡಿ, ಬಂಗಡೆ ಯಾವುದು, ತಾರ್ಲೆ ಯಾವುದು ಎಂದು ನನ್ನನ್ನು ಕೇಳಿದಳು. ನಾನು ತಪ್ಪು ಹೇಳಿದೆ. "ಈ ಅಕ್ಕೋರಿಗೆ ಎಂತದೂ ಗೊತ್ತಿಲ್ಲ!" ಎಂದು ಎಲ್ಲರಿಗೂ ಸಾರಿದಳು.

ಪಟ್ಟಿಯಲ್ಲಿ ಮೊದಲ ತಾಸಿನ ಸಾಲು ಮಾತ್ರ ಇನ್ನೂ ಖಾಲಿ ಇತ್ತು. ಹೆಚ್ಚಿನ ಅಂಕ ಅದಕ್ಕೇ. ಮಲಗಿದರು ಎಂದು ನಿಜ ಬರೆದರೆ ಬಾಲವಾಡಿ ಮುಚ್ಚುತ್ತದೆ. ಹಾಡಿದರು ಎಂದು ಬರೆದರೆ ಉಳಿಯುತ್ತದೆ, ಆದರೆ ಚಾಪೆ ಮತ್ತೆ ಒಳಗೆ ಹೋಗುತ್ತದೆ.

ಹನ್ನೆರಡೂವರೆಗೆ ಸಾನ್ವಿಯ ತಾಯಿ ಖಾಲಿ ಮೀನುಬುಟ್ಟಿ ಹಿಡಿದು ಬಂದಳು. "ಹಣೆಗೆ ಎಂತಾ ಆಯ್ತು? ಯಾರ್ ಮಾಡಿದ್ದು?"

ಸುಜಾತಾ ಬಾಯಿ ತೆರೆಯುವ ಮೊದಲು ನಾನು ಎದ್ದೆ. "ನಾನು. ಮಕ್ಕಳನ್ನು ಮಲಗಿಸಬಾರದು ಎಂಬಂತೆ ಹೋದ ವರ್ಷ ಬರೆದವಳು ನಾನೇ."

ಸುಜಾತಾ ತಟ್ಟನೆ ನನ್ನತ್ತ ನೋಡಿದರು. ತಾಯಿ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. "ಬರ್ದವ್ರೇ ಅಳಿಸಿ ಮತ್ತೆ," ಎಂದು ಮಗಳನ್ನು ಎತ್ತಿಕೊಂಡು ನಡೆದಳು.

ಮೊದಲ ತಾಸಿನ ಸಾಲನ್ನು ಹೊಡೆದುಹಾಕಿ, "ಮಲಗಿದರು. ಮಲಗಬೇಕು," ಎಂದು ಬರೆದು ಸಹಿ ಹಾಕಿದೆ.

"ಇಷ್ಟಕ್ಕೆ ನಮ್ಮ ಬಾಲವಾಡಿ ಉಳೀತದಾ?" ಸುಜಾತಾ ಕೇಳಿದರು.

"ಗೊತ್ತಿಲ್ಲ. ಸೋಮವಾರದ ಸಭೆಯಲ್ಲಿ ಜಗಳ ಮಾಡುತ್ತೇನೆ."

"ಜಗಳ ಎಂತಕ್ಕೆ?" ಒಳಗಿನಿಂದ ಮಂಗಲಾಬಾಯಿ ಅಂದರು. "ಆ ಸಭೆಯವ್ರನ್ನೇ ಒಂದು ದಿನ ನಾಲ್ಕು ಗಂಟೆಗೆ ಎಬ್ಸಿ, ಒಂಬತ್ತಕ್ಕೆ ಇಲ್ಲಿ ಕೂರ್ಸಿ ಹಾಡ್ ಹೇಳ್ಸಿ."

ಕಾರವಾರದಿಂದ ಹುಬ್ಬಳ್ಳಿಯ ಬಸ್ಸು ಮೂರಕ್ಕೆ ಹೊರಟಿತು. ಸಭೆ ಕರೆಯುವ ಕೆಲಸ ನನ್ನದೇ. ಅಂಕೋಲೆ ಬರುವ ಮೊದಲೇ ಎಲ್ಲ ಸದಸ್ಯರಿಗೂ ಮೊಬೈಲಿನಲ್ಲಿ ನೋಟೀಸು ಕಳಿಸಿದೆ: ಸೋಮವಾರ, ಬೆಳಗಿನ ನಾಲ್ಕು ಗಂಟೆ, ಬೈತಖೋಲ ಬಂದರು.